ಕಂಬದ ಬುಡದ ಹುತ್ತ

ನರಸಿಂಹರಾಜಪುರ
೧೬ ಜುಲೈ ೨೦೨೫

ಪ್ರೀತಿಯ ನಯನಾ,

ನೀನು, ನಿನ್ನ ಮನೆಯವರು, ಆ ಚಿಲ್ಟಾರಿ ಮಗಳು ಎಲ್ಲರೂ ಸೌಖ್ಯವೆಂದು ನಂಬಿದ್ದೇನೆ. ನಂಬದೆ ಬೇರೆ ದಾರಿಯೂ ಇಲ್ಲ, ನೀನಾಗಿ ಏನೂ ಹೇಳುವುದಿಲ್ಲವಲ್ಲ! ಇವತ್ತು ಬರೆಯುತ್ತೇನೆ, ನಾಳೆ ಬರೆಯುತ್ತೇನೆ ಎಂದು ಬೇಸಿಗೆಯೇ ಕಳೆದುಹೋಯಿತು. ತಡವಾಯಿತು, ಬೈಯಬೇಡ. ಫೋನ್ ಮಾಡಿದರೆ ಎತ್ತುವುದಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಪೋಸ್ಟ್‌ಮನ್ ಬಂದು ನಿಂತರೆ ನೀನು ಸಹಿ ಹಾಕಲೇಬೇಕು. ಸಹಿ ಹಾಕುವುದು ಅಲ್ಲಿಂದಲಾದರೂ ಅಭ್ಯಾಸವಾಗಲಿ.

ನೋಡು, ಕುಶಲ ಕೇಳಲು ಕುಳಿತವಳು ಜಗಳಕ್ಕೆ ನಿಂತೆ. "ನೀ 'ಚೆನ್ನಾಗಿದೀರಾ' ಅಂತ ಕೇಳೋದೂ ಪೊಲೀಸ್ರು ವಿಚಾರಿಸ್ದಂಗಿರ್ತದೆ ಮಾರಾಯ್ತಿ" ಎಂದು ನನ್ನ ಯಜಮಾನರು ಕಾಂತೇಶ್ ಸುಮ್ಮನೆ ಹೇಳುವುದಿಲ್ಲ.

ನಮ್ಮ ಹಿಟ್ಟಿನ ಗಿರಣಿ ಒಂದು ತರಹ ನಡೆಯುತ್ತಿದೆ. ಕಾಂತೇಶ್ ಒಬ್ಬರೇ ಕೂರುತ್ತಾರೆ, ನನ್ನನ್ನು ಈಗ ಆ ಕಡೆ ಬಿಡುವುದಿಲ್ಲ. ಮೋಟರ್ ಶುರುವಾದರೆ ಸಾಕು, ಪಕ್ಕದ ನಿಮ್ಮ ಗೋಡೆಯಿಂದ ಮಣ್ಣು ಉದುರುತ್ತದೆ. ಮೊನ್ನೆ ಯಮುನಮ್ಮ ಬೀಸಿಕೊಂಡು ಹೋದ ಅಕ್ಕಿ ಹಿಟ್ಟನ್ನು ವಾಪಸ್ ತಂದು, "ಎಂತದೇ ಸುಮನಾ ಇದು, ರೊಟ್ಟಿ ಬಾಯಲ್ಲಿ ಕಚಕಚ ಅಂತದೆ" ಎಂದರು. ನಿನ್ನ ಅಪ್ಪನ ಹೋಟೆಲಿನ ಗೋಡೆಯನ್ನು ಊರವರು ರೊಟ್ಟಿ ಮಾಡಿ ತಿನ್ನುತ್ತಿದ್ದಾರೆ ಕಣೆ.

ನಿನ್ನಪ್ಪ ಕೃಷ್ಣಪ್ಪಮಾವ ತೀರಿಕೊಂಡು, ನೀನೂ ನಿನ್ನಣ್ಣ ಯಶವಂತನೂ ಪಾಲಿಗಾಗಿ ಕೋರ್ಟಿಗೆ ಹೋದ ಮೇಲೆ ಆ ಕಟ್ಟಡಕ್ಕೆ ಬಿದ್ದ ಬೀಗ ಇನ್ನೂ ಗಟ್ಟಿಯಾಗಿಯೇ ಇದೆ. ಉಳಿದದ್ದು ಯಾವುದೂ ಗಟ್ಟಿಯಿಲ್ಲ. ಹಿಂಬಾಗಿಲು ಕಳಚಿ ಬಿದ್ದಿದೆ. ನಾವಿಬ್ಬರೂ ಬಿಸಿ ಬನ್ಸ್ ಹಿಡಿದುಕೊಂಡು ಲೆಕ್ಕ ಮಾಡುತ್ತಿದ್ದ ಮಹಡಿಯ ಹಲಗೆಗಳು ನಡುವಿನಲ್ಲಿ ಜೋತುಬಿದ್ದಿವೆ. ಅದರ ಭಾರವೆಲ್ಲ ಈಗ ನಿಂತಿರುವುದು ಹೋಟೆಲಿನ ನಡುವಿನ ಆ ದಪ್ಪ ಮರದ ಕಂಬದ ಮೇಲೆ. ಜಗಲಿಯಲ್ಲಿ ಮಲಗುತ್ತಿದ್ದ ಬೀದಿನಾಯಿ ಕೂಡ ಜಾಗ ಬದಲಿಸಿ ಎದುರು ಅಂಗಡಿಯ ಮೆಟ್ಟಿಲು ಸೇರಿದೆ.

ಕಳೆದ ಕಾರ್ತಿಕದಲ್ಲಿ ದೂರು ಕೊಟ್ಟವಳು ನಾನೇ. ಅದಕ್ಕೆ ನಿನಗೆ ಸಿಟ್ಟು ಎಂದೂ ಗೊತ್ತು. ಪಟ್ಟಣ ಪಂಚಾಯಿತಿ ಕಚೇರಿಯವರು ಬಂದು ನೋಡಿ, ಇದು ಅಪಾಯದ ಕಟ್ಟಡ, ಕೆಡವಬೇಕು ಎಂದು ನೋಟಿಸ್ ಅಂಟಿಸಿದರು. ಅಷ್ಟರಲ್ಲಿ ನಮ್ಮತ್ತೆ ಕಲ್ಲಮ್ಮನವರು, ಕಳೆದುಹೋದ ಬೆಕ್ಕನ್ನು ಹುಡುಕಿಕೊಂಡು ನಿಮ್ಮ ಹಿಂಬಾಗಿಲಿನಿಂದ ಒಳಗೆ ಹೋದವರು, ಬೆಕ್ಕಿನ ಬದಲು ಹುತ್ತ ನೋಡಿಕೊಂಡು ಬಂದರು. ನಡುಗಂಬದ ಬುಡದಲ್ಲಿ, ಕಂಬವನ್ನೇ ತಬ್ಬಿಕೊಂಡಂತೆ ಎದ್ದ ಹುತ್ತ. ಪಕ್ಕದಲ್ಲಿ ಹಾವಿನ ಪೊರೆಯೂ ಇತ್ತಂತೆ. ಸಂಜೆಯೊಳಗೆ ಅರಿಸಿನ ಕುಂಕುಮ ಬಿತ್ತು. ವಾರ ಕಳೆಯುವುದರೊಳಗೆ ಬೀದಿಯ ಹೆಂಗಸರೆಲ್ಲ ಹಾಲಿನ ತಂಬಿಗೆ ಹಿಡಿದು ನಿಮ್ಮ ಹಿತ್ತಲಿನಲ್ಲಿ ಸಾಲು ನಿಂತರು.

ಯುಗಾದಿ ಕಳೆದ ಮೇಲೆ ಜೆಸಿಬಿ ಬಂತು. ಓಡಿಸುವ ಗಣಪತಿ ನಮ್ಮೂರಿನವನೇ. ಒಳಗೆ ಹೋಗಿ ಇಣುಕಿದವನು ಹೊರಗೆ ಬಂದು, ಚಪ್ಪಲಿ ಬಿಟ್ಟು, ಕಟ್ಟಡಕ್ಕೇ ಕೈಮುಗಿದುಬಿಟ್ಟ. "ನಂಗೂ ಮಕ್ಳಿದಾವೆ ಸುಮನಕ್ಕ. ಹುತ್ತ ಅಗೆದವ್ನ ಮನೇಲಿ ತೊಟ್ಲು ತೂಗಲ್ಲ ಅಂತಾರೆ. ಜಾಗದ ವಾರಸುದಾರ್ರು ಬಂದು, ದೀಪ ಹಚ್ಚಿ, ನಮ್ ಜಾಗ ಬಿಟ್ಕೊಡಪ್ಪಾ ಅಂತ ನಾಗಪ್ಪನ್ನ ಕೇಳ್ಲಿ. ಆಮೇಲೆ ನಾ ರೆಡಿ" ಎಂದ. ಯಶವಂತ ಬರಲು ಒಪ್ಪಿದ. ಪುರೋಹಿತರು, ಇಬ್ಬರು ವಾರಸುದಾರರಿದ್ದರೆ ಇಬ್ಬರೂ ಕೇಳಬೇಕು ಎಂದರು. ಅದೇ ಹೊತ್ತಿಗೆ ನಿನ್ನ ವಕೀಲರ ತಕರಾರು ಬಂತು. ಕೋರ್ಟಿನಲ್ಲಿರುವ ಆಸ್ತಿ, ಮುಟ್ಟಬಾರದು ಎಂದು. ಜೆಸಿಬಿ ಬಂದ ದಾರಿಯಲ್ಲೇ ಹಿಂತಿರುಗಿತು.

ಕಟ್ಟಡ ನಿಂತಿರುವಷ್ಟು ದಿನ ನಿನ್ನ ಹಕ್ಕೂ ನಿಂತಿರುತ್ತದೆ ಎಂದು ಯಾರೋ ನಿನ್ನ ತಲೆಗೆ ತುಂಬಿದ್ದಾರಂತೆ. ಗೋಡೆ ಬಿದ್ದರೆ ಜಾಗ ಎದ್ದು ಓಡಿಹೋಗುತ್ತದೆಯೇ ನಯನಾ? ಅಪ್ಪ ಗಲ್ಲಾದಲ್ಲಿ ಕೂರುತ್ತಿದ್ದ ಮೂಲೆಯನ್ನು ಕೆಡವುವುದು ನಿನಗೆ ಕಷ್ಟ ಎಂಬುದೂ ಅರ್ಥವಾಗುತ್ತದೆ. ನನಗೂ ಕಷ್ಟವೇ. ಅವರು ಕೊಟ್ಟ ಬನ್ಸ್ ತಿಂದೇ ಬೆಳೆದವಳು ನಾನು.

ಕಚೇರಿಯ ಇಂಜಿನಿಯರ್ ಸುಂದರೇಶ್ ಒಳ್ಳೆಯ ಮನುಷ್ಯ. ನಿನ್ನ ತಕರಾರು ಕೈ ಕಟ್ಟಿಹಾಕಿದರೂ ಸುಮ್ಮನೆ ಕೂರಲಿಲ್ಲ. ಹಿಂಬಾಗಿಲಿಗೆ ಅಡ್ಡಪಟ್ಟಿ ಹೊಡೆಸಿದರು. ಒಳಗೆ, ಗೋಡೆಯ ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ತುಂಡನ್ನು ಸಿಮೆಂಟಿನಿಂದ ಅಂಟಿಸಿ, "ಬಿರುಕು ಬೆಳೆದ್ರೆ ಗಾಜು ಒಡೀತದೆ. ಒಡೆದಿದ್ ನಾನು ಕಣ್ಣಾರೆ ನೋಡಿದ್ರೆ, ತುರ್ತು ಅಂತ ಮೇಲಿನವ್ರಿಗೆ ಬರೀತೀನಿ. ಆಗ ಯಾರ ಒಪ್ಪಿಗೆಯೂ ಬೇಡ" ಎಂದರು. ನಾನು ದಿನವೂ ಹೊರಗಿನಿಂದ ಹೋಟೆಲಿನ ಕಿಟಕಿಯಲ್ಲಿ ಇಣುಕಿ ಆ ಗಾಜನ್ನೇ ನೋಡುತ್ತಿದ್ದೆ.

ಹೋದ ಸೋಮವಾರ ಅದು ಕಾಣಲಿಲ್ಲ. ಓಡಿಹೋಗಿ ಅತ್ತೆಯನ್ನು ಕೇಳಿದರೆ, "ಒಡೆದು ಚೂರಾಗಿತ್ತು ಕಣೆ. ನಾನೇ ಗುಡಿಸಿ ಹೊಳೆಗೆ ಹಾಕ್ಸಿದೆ. ಪಂಚಮಿಗೆ ಬರಿಗಾಲಲ್ಲಿ ಬರೋ ಹೆಣ್ಮಕ್ಕಳ ಕಾಲಿಗೆ ಚುಚ್ಚಿದ್ರೆ?" ಎಂದರು. ಸಿಮೆಂಟನ್ನೂ ಕೆರೆದು ತೆಗೆದು, ಆ ಜಾಗಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ತಕ್ಷಣ ಸುಂದರೇಶ್‌ಗೆ ಫೋನ್ ಮಾಡಿದೆ. ಸುಂದರೇಶ್ ಬಂದು ಗೋಡೆ ನೋಡಿ, ರಂಗೋಲಿ ನೋಡಿ, ತಲೆ ಚಚ್ಚಿಕೊಂಡರು. "ಒಡೆದ ಗಾಜಿಲ್ದೆ ಏನಂತ ಬರೀಲಿ ಮೇಡಂ? ಹೊಸ ಗಾಜು ಹಾಕಿ ಕಾಯೋಣ, ಇಲ್ಲಾ ಆ ತಂಗೀನ ಬರೋಕೆ ಹೇಳಿ" ಎಂದು ಹೊರಟರು.

ಅವತ್ತು ಕಾಂತೇಶ್ ಒಂದು ಕೋಲು ತೆಗೆದುಕೊಂಡು ಒಳಗೆ ಹೋಗಿ ಆ ಕಂಬವನ್ನು ತಟ್ಟಿ ನೋಡಿದರು. ಡಬ್ಬಿ ತಟ್ಟಿದ ಸದ್ದು ಬಂತು. ಸ್ವಲ್ಪ ಒತ್ತಿದರೆ ಕೋಲು ಒಳಗೇ ಹೋಯಿತಂತೆ. ಗೆದ್ದಲು ಕಣೆ. ಆ ಹುತ್ತ ಬೆಳೆಯುತ್ತಿರುವುದು ನಿಮ್ಮ ಮನೆಯ ಮರವನ್ನು ತಿಂದು. ಈ ಸಲ ಹುತ್ತ ಸೊಂಟದೆತ್ತರ ಬಂತು ಎಂದು ಹೆಂಗಸರು ಸಂಭ್ರಮ ಪಡುತ್ತಾರೆ. ಹುತ್ತ ಏರಿದಷ್ಟೂ ಕಂಬ ಒಳಗೊಳಗೇ ಟೊಳ್ಳಾಗುತ್ತಿದೆ. ಸಾಲದ್ದಕ್ಕೆ ಇವರು ಸುರಿದ ಹಾಲೂ ನೀರೂ ಮಣ್ಣಿನ ಗೋಡೆಯ ಬುಡ ಸೇರುತ್ತಿದೆ.

ಇದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳಿದೆ. "ನಾಗಪ್ಪ ಕೂತಿರೋ ಕಂಬ ಬೀಳ್ತದೆ ಅಂತೀಯಲ್ಲ, ಬಾಯಲ್ಲಿ ಒಳ್ಳೇದು ಬರಲ್ವ ನಿಂಗೆ?" ಎಂದರು. ಅವರ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ. ಅವರದೊಂದು ಹರಕೆ ಇದೆ ಅಲ್ಲಿ.

ಇಪ್ಪತ್ತೊಂಬತ್ತಕ್ಕೆ ನಾಗರಪಂಚಮಿ. ಆ ದಿನ ಬೀದಿಯ ಹೆಂಗಸರು, ಸೊಸೆಯಂದಿರು, ತವರಿಗೆ ಬಂದ ಹೆಣ್ಣುಮಕ್ಕಳು, ಕಂಕುಳ ಕೂಸುಗಳು ಎಲ್ಲ ಆ ಜೋತುಬಿದ್ದ ಮಹಡಿಯ ಕೆಳಗೆ ಸೇರುತ್ತಾರೆ. ಅಡ್ಡಪಟ್ಟಿಯನ್ನು ಈಗಾಗಲೇ ಕಿತ್ತು ಪಕ್ಕಕ್ಕೆ ಇಟ್ಟಿದ್ದಾರೆ. ಅದರ ಮೇಲೇ ಹೂವಿನ ಬುಟ್ಟಿ ಇಡುತ್ತಾರೆ. ಸಂಜೆ ಗಿರಣಿ ನಿಂತ ಮೇಲೆ ನಾನು ಗೋಡೆಗೆ ಕಿವಿ ಕೊಟ್ಟು ಕೇಳುತ್ತೇನೆ. ಒಳಗಿನಿಂದ ಕಟ್ ಎಂದು ಒಂದು ಸದ್ದು ಬರುತ್ತದೆ, ಬೆರಳು ನೆಟಿಕೆ ತೆಗೆದ ಹಾಗೆ. ಮೊದಲು ಅಪರೂಪಕ್ಕೆ ಬರುತ್ತಿತ್ತು.

ಹಾಗಾಗಿ ಕೇಳುತ್ತಿದ್ದೇನೆ ನಯನಾ, ಪಂಚಮಿಗೆ ಮೊದಲು ಬಾ. ದಾವಣಗೆರೆಯಿಂದ ಎಷ್ಟು ದೂರ ಮಹಾ! ಕೆಡವಲು ಒಪ್ಪಿಗೆಯ ಸಹಿ ಹಾಕು, ಅಣ್ಣನ ಪಕ್ಕ ನಿಂತು ದೀಪ ಹಚ್ಚು, ಜಾಗ ಬಿಟ್ಟುಕೊಡು ಎಂದು ನಾಗಪ್ಪನನ್ನು ಬಾಯಿಬಿಟ್ಟು ಕೇಳು. ಅಣ್ಣನ ಮುಖ ನೋಡಲು ಇಷ್ಟವಿಲ್ಲದಿದ್ದರೆ ದೀಪವನ್ನೇ ನೋಡುತ್ತಾ ನಿಲ್ಲು. ನಮ್ಮ ಮನೆಯಲ್ಲೇ ಉಳಿದುಕೋ. ಬನ್ಸ್ ನಾನು ಮಾಡುತ್ತೇನೆ, ಕೃಷ್ಣಪ್ಪಮಾವನಷ್ಟು ಚೆನ್ನಾಗಿ ಬರುವುದಿಲ್ಲ.

ಹಿರಿಯರಿಗೆ ನಮಸ್ಕಾರ ತಿಳಿಸು. ನಿನ್ನ ಮಗಳು ನೂರು ಕಾಲ ತಣ್ಣಗಿರಲಿ.

ಎಂದಿನಂತೆ ನಿನ್ನವಳೇ,
ಸುಮನಾ

ತಾ.ಕ.: ಮರೆತು ಕೊನೆಗೆ ಬರೆದೆ ಎಂದರೆ ಸುಳ್ಳಾಗುತ್ತದೆ. ಬರೆಯಲು ಕೈ ಬರಲಿಲ್ಲ. ನನಗೀಗ ನಾಲ್ಕನೇ ತಿಂಗಳು. ಮೊದಲಿನ ಎರಡೂ ಏನಾದವು ಎಂದು ನಿನಗೆ ಗೊತ್ತು. ಎರಡನೆಯ ಸಲ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕುಳಿತವಳು ನೀನೇ. ಅತ್ತೆ ಹರಕೆ ಹೊತ್ತಿರುವುದು ಇದಕ್ಕೇ. ಈ ಸಲ ನಿಂತರೆ ಪಂಚಮಿಯ ಮೊದಲ ಹಾಲು ಸೊಸೆಯ ಕೈಯಿಂದ ಎಂದು. ಅತ್ತೆಗೆ ಎದುರಾಡಲು ನನಗೆ ಬಾಯಿಲ್ಲ ಎಂದುಕೊಳ್ಳಬೇಡ. ಅದು ಗೆದ್ದಲು ಎಂದು ನನಗೆ ಗೊತ್ತು, ಕಂಬ ಟೊಳ್ಳು ಎಂದೂ ಗೊತ್ತು. ಆದರೆ ಹೋಗದೆ ಉಳಿದು, ಇದಕ್ಕೂ ಏನಾದರೂ ಆಗಿಬಿಟ್ಟರೆ? ಆ ಹೆದರಿಕೆಯ ಮುಂದೆ ನಾನು ಕೊಟ್ಟ ದೂರು, ಓದಿದ ಓದು ಯಾವುದೂ ನಿಲ್ಲುತ್ತಿಲ್ಲ. ಆ ದಿನ ಆ ಕಂಬದ ಬುಡದಲ್ಲಿ ಮೊದಲು ಕೂರುವವಳು ನಾನು. ನೀನು ಬಂದು ಹುತ್ತ ತೆಗೆಸಿದರೆ ಹರಕೆ ತಪ್ಪಿದ ದೋಷ ನಿನ್ನದಾಗುತ್ತದೆ, ನನ್ನದಲ್ಲ. ನನ್ನ ಬದಲು ಅದನ್ನು ನೀನು ಹೊತ್ತುಕೊಳ್ಳುತ್ತೀಯಾ? ಅತ್ತೆ ಆಗಲೇ ಬೆಳ್ಳಿಯ ತಂಬಿಗೆ ತೊಳೆದು ಕಿಟಕಿಯಲ್ಲಿ ಕವುಚಿ ಇಟ್ಟಿದ್ದಾರೆ.