ಅವ್ವ ಹೆಬ್ಬಟ್ಟೊತ್ತಿದ ಹಾಳಿ

ಮಾರ್ಚ್ 4, ಮಂಗಳವಾರ

ಇವತ್ತೂ ಎಳಿ ಹರೀತು. ಹನ್ನೊಂದು ಸಲ. ಸೀರಿ ಸೆರಗಿನ ಎಳಿಗೂ ಮೈಯಿನ ಎಳಿಗೂ ಕೊಂಡಿ ಹಾಕಿ ಕೂಡಸೂ ಕೆಲಸ. ಇಳಕಲ್ಲದಾಗ ನನ್ನಷ್ಟು ಲಗೂನ ಮಾಡಾಕಿ ಇನ್ನೊಬ್ಬಾಕಿ ಇಲ್ಲ ಅಂತಿದ್ರು. ಈಗ ಬೆರಳು ಹೇಳಿದ ಮಾತು ಕೇಳವಲ್ವು. ಮಧ್ಯಾಹ್ನ ಆತಂದ್ರ ಮಗ್ಗದ ಮ್ಯಾಲೇ ಕಣ್ಣ ಮುಚ್ಚತಾವು.

ಆರು ವರ್ಷದಿಂದ ನುಂಗತಿದ್ದ ತಲಿ ಗುಳಿಗಿ ಬಿಟ್ಟು ನಾಕ ತಿಂಗಳಾತು. ಕೈ ನಡಗತಾವು, ನಿದ್ದಿ ಎಳೀತೈತಿ ಅಂತ ಅವ್ವಗ ಹೇಳೇ ಬಿಟ್ಟಿದ್ದೆ. ಹಂಗಾದ್ರ ಇದೇನು? ಮೂವತ್ತಾರಕ್ಕ ಮುದುಕಿ ಆದ್ನೇನು? ಕೈಯಾನ ವಿದ್ಯಾನ ಹೋತು ಅನಸ್ತೈತಿ. ಅಂಜಿಕಿ ಬರ್ತೈತಿ.

ಅವ್ವ ಮಜ್ಜಿಗಿ ತಂದಿಟ್ಲು. "ಕುಡಿಯವಾ, ಬಿಸಲ ಐತಿ." ಕುಡದೆ.

ಮಾರ್ಚ್ 9, ರವಿವಾರ

ಅವ್ವನ ತಮ್ಮ ಯಂಕಪ್ಪ ಮಾಮಾ ಬೇವೂರಿಂದ ಬಂದ. ಸಂಜಿಕ ಹುನಗುಂದದಾಗ ಮಗ ಹಣಮೇಶಗ ಹೆಣ್ಣ ನೋಡೂದಿತ್ತು. ಇಸ್ತ್ರಿ ಅಂಗಿ, ಹೊಸಾ ಟೊಪಗಿ, ಮ್ಯಾಲ ಸೆಂಟ್ ಬ್ಯಾರೆ! ಅವ್ವ ನಳಕ್ಕ ನೀರ ಬಂದಾವಂತ ಕೊಡ ತಗೊಂಡ ಹೋಗಿದ್ಲು. ಬಿಸಲಾಗ ಬಂದಾಂವಗ ಬರೇ ನೀರ ಕೊಡಾಕ ಬರ್ತೈತೇನು? ನನಗಂತ ಮುಚ್ಚಿಟ್ಟಿದ್ದ ಮಜ್ಜಿಗಿ ಕೊಟ್ಟೆ. ಗಟಗಟ ಕುಡದ.

ಅವ್ವ ಬಂದು ಖಾಲಿ ಗ್ಲಾಸ್ ನೋಡಿದ್ಲು. "ಅದನ್ಯಾಕ ಕೊಟ್ಟೇ ರಾಜಿ!" ಎದಿ ಬಡಕೊಂಡ್ಲು.

"ಯಾಕ? ಮಜ್ಜಿಗಿ ಅಲ್ಲೇನದು?"

ಗ್ಲಾಸ್ ತಗೊಂಡ ಒಳಗ ಹೋದ್ಲು. ಅರ್ಧಾ ತಾಸಿಗೆ ಗ್ವಾಡಿಗೆ ಒರಗಿದ ಮಾಮಾ ಗೊರಕಿ ಸುರು ಮಾಡಿದ. ಹಣಮೇಶ ಹತ್ತ ಸಲ ಫೋನ್ ಮಾಡಿದ. ಅಲಗ್ಯಾಡಿಸಿ ಎಬ್ಬಿಸಿದ್ರ "ಹೆಣ್ಣ ಚಲೋ ಐತಿ" ಅಂದು ಮತ್ತ ಮಲಗಿದ. ಹೆಣ್ಣ ನೋಡೇ ಇಲ್ಲ!

ಮಾರ್ಚ್ 10, ಮುಂಜಾನೆ

ಅವ್ವ ಒಪ್ಪಿಕೊಂಡ್ಲು. ಗುಳಿಗಿ. ಕುಟ್ಟಿ, ಪುಡಿ ಮಾಡಿ, ಉಪ್ಪಿನ ಕೂಡ ಮಜ್ಜಿಗ್ಯಾಗ. ದಿನಾ. ನಾಕ ತಿಂಗಳು... ನಮ್ಮ ಅಣ್ಣ ಮಹಾಂತೇಶನೇ ದವಾಖಾನಿಯಿಂದ ತಂದ ಕೊಡ್ತಿದ್ನಂತ.

ಮಾಮಾ ಎದ್ದು ಕಣ್ಣ ತಿಕ್ಕೊಂತ ಅಂದ, "ಬಿಡವಾ, ತಾಯಿ ಕೊಟ್ಟಿದ್ದು ವಿಷ ಅಲ್ಲಲ್ಲ." ಅವಂದು ಒಂದ ದಿನ ಹೋತು. ಅದಕ್ಕ ಅವ್ವ, ಅಣ್ಣ ಇಬ್ಬರೂ ಕೈ ಮುಗದು ತಪ್ಪಾತು ಅಂದ್ರು. ನನ್ನವು ನಾಕ ತಿಂಗಳ ಹೋದ್ವಲ್ಲ, ನನಗ ಯಾರ ತಪ್ಪಾತು ಅಂದ್ರು?

ಕೈಯಾನ ವಿದ್ಯಾ ಹೋಗಿದ್ದಿಲ್ಲ. ಅದು ಗೊತ್ತಾಗಿ ಗಳಗಳ ಅತ್ತೆ. ಸಿಟ್ಟಿಗೋ ಸಂತೋಷಕ್ಕೋ, ದೇವರ ಬಲ್ಲ.

ಮಾರ್ಚ್ 13

ನನ್ನ ಒಲಿ ಬ್ಯಾರೆ ಹೂಡೇನಿ. ರೊಟ್ಟಿ ನಾನ ಬಡೀತೇನಿ, ಕುಡಿಯೂ ನೀರ ಸೈತ ನಾನ ತುಂಬಕೊಂತೇನಿ. ಅವ್ವ ಹೊಚ್ಚಲದಾಗ ಕುಂತು ನೋಡ್ತಾಳ. "ನಿನ್ನ ಉಳಸ್ಕೊಳ್ಳಾಕ ಮಾಡೇನಿ" ಅಂದ್ಲು. ಖರೆ ಇದ್ದೀತು. ಆದ್ರೂ ಆಕಿ ಕೈಯಾಂದು ಬಾಯಾಗ ಹಾಕ್ಕೊಳ್ಳಾಕ ಆಗವಲ್ದು.

ಮಾರ್ಚ್ 18, ಮಂಗಳವಾರ

ಅಣ್ಣನ ಕೂಡ ಹುನಗುಂದ ದವಾಖಾನಿಗೆ ಹೋದೆ. ಮಂಗಳವಾರ ಮನಸಿನ ಡಾಕ್ಟರ್ ಬರ್ತಾರ. ಆಫ್ರೀನ ಅಂತ ಕೌನ್ಸೆಲರ್ ಇದ್ಲು, ನನಕಿಂತ ಸಣ್ಣಾಕಿ. ಎಲ್ಲಾ ಹೇಳಿದೆ. ಆಕಿ ಅಣ್ಣನ ಕಡೆ ತಿರುಗಿದ್ಲು. "ಹೇಳದೇ ಕೊಡೂದು ತಪ್ಪರಿ. ಯಾವ ಔಷಧ, ಯಾಕ, ಅದರಿಂದ ಏನ ತ್ರಾಸ ಆಗ್ತೈತಿ, ಇದನ್ನೆಲ್ಲಾ ತಿಳಕೊಳ್ಳೂ ಹಕ್ಕು ಇವರದು. ಕಾಯ್ದೆ ಐತಿ."

"ಮತ್ತ ತಲಿ ಕೆಟ್ಟಾಗ ಕಾಯ್ದೆ ಬಂದು ಹಿಡ್ಕೊಂತೈತೇನ್ರಿ?" ಅಂದ ಅಣ್ಣ.

ಡಾಕ್ಟರ್ ನನ್ನ ಕೇಳಿದ್ರು, "ಏನ ಕೆಲಸಾ ಮಾಡ್ತೀರಿ?" ಆರು ವರ್ಷದಾಗ ಇದ ಮೊದಲನೇ ಸಲ ಯಾರರ ಕೇಳಿದ್ದು. ಮಗ್ಗ, ಎಳಿ, ಕೈ ನಡಗೂದು, ಎಲ್ಲಾ ಹೇಳಿದೆ. ಗುಳಿಗಿ ಬದಲಿ ಮಾಡಿದ್ರು, ರಾತ್ರಿ ಊಟ ಆದಮ್ಯಾಲಷ್ಟ. "ತ್ರಾಸ ಆದ್ರ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ, ಬಂದ ಹೇಳ್ರಿ." ತಗೋತೇನಿ ಅಂದೆ. ಕೇಳಿ ಕೊಟ್ಟಾರಲ್ಲ.

ಮಾರ್ಚ್ 25

ಅವ್ವನ ಕರಕೊಂಡ ಮತ್ತ ದವಾಖಾನಿಗೆ ಹೋಗಿದ್ದೆ. ಆರಾಮ ಇದ್ದಾಗನ ಬರದಿಡಬಹುದಂತ. ಆರಾಮ ತಪ್ಪಿದ್ರ ನನಗೇನ ಮಾಡಬೇಕು, ಏನ ಮಾಡಬಾರದು. ನನ್ನ ಪರವಾಗಿ ಮಾತಾಡೂ ಒಬ್ಬರ ಹೆಸರೂ ಬರೀಬೇಕು. ಆಫ್ರೀನ ಹಾಳಿ ಕೊಟ್ಲು.

ಬರದೆ. ನನ್ನ ಕಟ್ಟಬ್ಯಾಡ್ರಿ. ಹೋದ ಸಲ ಅಣ್ಣ ಕೈಕಾಲ ಕಟ್ಟಿ ಟಂಟಂ ರಿಕ್ಷಾದಾಗ ಒಯ್ದಿದ್ದ, ಓಣಿ ಪೂರಾ ನಿಂತ ನೋಡ್ತು. ಸೂಜಿ ಚುಚ್ಚೂ ಮೊದಲ ಹೇಳ್ರಿ, ನನಗ ತಿಳೀದಿದ್ರೂ ಹೇಳ್ರಿ. ಮೂರನೇದಕ್ಕ ಭಾಳ ಹೊತ್ತ ಹಿಡೀತು. ಯಾರೂ ಬರಿ ಅಂದಿದ್ದಿಲ್ಲ, ನಿದ್ದಿ ಹೋದ್ರ ನಾ ಹೆಂಗ ಆಗ್ತೇನಿ ಅಂತ ನನಗ ಗೊತ್ತೈತಿ. ಮೂರ ದಿನ ನಿದ್ದಿ ಇಲ್ಲಂದ್ರ, ನಾ ಒಲ್ಲೆ ಅಂದ್ರೂ, ದವಾಖಾನಿಗೆ ಕರಕೊಂಡ ಹೋಗ್ರಿ.

ಹೆಸರ ಯಾರದು? ಅಣ್ಣ ಕಟ್ಟಿದಾಂವ. ಅವ್ವ ಮೋಸ ಮಾಡಿದಾಕಿ. "ನೀವ ಆಗ್ರಿ ಮೇಡಂ" ಅಂದೆ. "ನಂದು ಇವತ್ತಿಲ್ಲಿ, ನಾಳಿ ಎಲ್ಲೋ ಅಕ್ಕಾರ. ದಿನಾ ನಿಮ್ಮನ್ನ ನೋಡೂರು ಬೇಕು" ಅಂದ್ಲು. ಅವ್ವನ ಮಾರಿ ನೋಡಿದೆ.

"ಇನ್ನ ಮುಚ್ಚಿಟ್ಟು ಏನೂ ಮಾಡಂಗಿಲ್ಲ ನೋಡು."

"ಇಲ್ಲವಾ. ನಿನ್ನ ಆಣಿ."

ಆಕಿ ಹೆಸರ ಬರದೆ, ಹೆಬ್ಬಟ್ಟ ಒತ್ತಿದ್ಲು. ಡಾಕ್ಟರ್ ಸಹಿ, ಇಬ್ಬರ ಸಾಕ್ಷಿ. ಹಾಳಿ ಆಕಿ ಟ್ರಂಕಿನ್ಯಾಗ ಹೋತು.

ಜೂನ್ 17

ಇಡೀ ದಿನ ಒಂದ ಎಳಿ ಹರೀಲಿಲ್ಲ. ಕೈ ಮದಲಿನಂಗ ಓಡಾಕತ್ತಾವು. ಅವ್ವ ಬಡದ ರೊಟ್ಟಿ ಉಂಡೆ. ಆಕಿ ಇನ್ನೊಂದ ಹಾಕಿದ್ಲು.

ಜುಲೈ 24

ಗುಳಿಗಿ ಬಿಟ್ಟು ಎಂಟ ದಿನ. ಯಾರಿಗೂ ಹೇಳಿಲ್ಲ. ಆರಾಮ ಅದೇನಿ, ಭಾಳ ಆರಾಮ, ಮತ್ಯಾಕ ಬೇಕು? ಐಹೊಳಿ ಗುಡಿ ಚಿತ್ತಾರ ಎಲ್ಲಾ ಸೆರಗಿನ್ಯಾಗ ತರ್ತೇನಿ.

ಜುಲೈ 26

ನಿದ್ದಿ ಬೇಕಾಗೇ ಇಲ್ಲ! ನಲವತ್ತ ಸೀರಿ, ನಲವತ್ತ ಬಣ್ಣ — ಬಾದಾಮಿ ಕಲ್ಲಿನ ಕೆಂಪು, ಹೊಳಿ ನೀರಿನ ಹಸರು — ಓಣಿ ಮಂದಿಗೆಲ್ಲಾ ಒಂದೊಂದ — ಯಾರಿಗೂ ತಿಳಿಯವಲ್ದು ನನ್ನ ತಲಿ ಎಷ್ಟ ಚುರುಕ ಆಗೇತಿ ಅಂತ. ಅಣ್ಣ "ಟಂಟಂ ತರ್ಲೇನು?" ಅಂದ. ಅವ್ವ ಅವಗ ಬಾಗಲಾ ತೋರ್ಸಿದ್ಲು.

ಜುಲೈ 28, ಸೋಮವಾರ, ರಾತ್ರಿ ಹನ್ನೊಂದು ಗಂಟೆ

ಅವ್ವ ಎದುರಿಗೆ ಕುಂತಾಳ. ಗುಳಿಗಿ ಅಂಗೈಯಾಗ, ಇಡೀದು. "ಇದು ಗುಳಿಗಿ ಐತಿ ರಾಜಿ. ತಗೋತಿಯೇನ?"

"ಒಲ್ಲೆ."

ಕೈ ಹಿಂದಕ್ಕ ತಗೊಂಡ್ಲು. ಜುಲುಮಿ ಮಾಡ್ಲಿಲ್ಲ. ಹೋಗಿ ಹಾಳಿ ತಂದ್ಲು. ಸುಟ್ಟ ಹಾಕದನ್ನ ಅಂದೆ. ನಾ ಬರದಿದ್ದಲ್ಲ ಅಂದೆ. ಯಾವಾಕ್ಯೋ ಹೆದರಪುಕ್ಲಿ ಬರದಾಳ, ಆಕಿಗೇನ ಗೊತ್ತು ಈಗ ನಾ ಹೆಂಗ ಅದೇನಿ ಅಂತ!

"ನನಗ ಓದಾಕ ಬರೂದಿಲ್ಲವಾ" ಅಂದ್ಲು ಅವ್ವ. "ನೀನ ಓದಿ ಹೇಳು. ಹೆಂಗ ಬರದೈತಿ ಹಂಗ ಮಾಡ್ತೇನಿ. ನೀ ಏನ ಓದಿದ್ರೂ ನಂಬತೇನಿ."

ಏನ ಓದಿದ್ರೂ! ಬ್ಯಾರೆ ಓದಿದ್ರ ಆಕಿಗೆ ಹೆಂಗ ಗೊತ್ತಾಗಬೇಕು? ಮನ್ಯಾಗ ಬಿಟ್ಟಬಿಡ್ರಿ ಅಂತ ಬರದೈತಿ ಅಂದ್ರ ಮುಗೀತು. ನಾಕ ತಿಂಗಳ ಆಕಿ ನನ್ನ ಮೋಸ ಮಾಡಿದ್ಲು, ನಂದು ಒಂದ ಸಾಲು...

"ಕಟ್ಟಬ್ಯಾಡ್ರಿ" ಓದಿದೆ. "ಆತು" ಅಂದ್ಲು. "ಸೂಜಿ ಚುಚ್ಚೂ ಮೊದಲ ಹೇಳ್ರಿ" ಓದಿದೆ. "ಆತು" ಅಂದ್ಲು. ಮೂರನೇದಕ್ಕ ನಿಂತೇನಿ. ತಡಿ, ಬರಕೊಂಡ ಓದ್ತೇನಿ ಅಂದೇನಿ. ಕಾಯಾಕತ್ತಾಳ. ಆಕಿ ಕಣ್ಣಾಗ ನಿದ್ದಿ ಇಲ್ಲ, ಆಕಿನೂ ನನ್ನ ಕೂಡ ಮೂರ ದಿನ ಮಲಗಿಲ್ಲ.

ಓದ್ತೇನಿ. ಮೂರ ದಿನ ನಿದ್ದಿ ಇಲ್ಲಂದ್ರ, ನಾ ಒಲ್ಲೆ ಅಂದ್ರೂ —