ಬಾಗಿಲಾಚೆ ಹೇಳಿದ ಮೂರನೇ ಹಂತ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ನನ್ನ ಚಿಕ್ಕಮ್ಮನ ಸ್ತನ ಕ್ಯಾನ್ಸರ್ ಯಾವ ಹಂತದಲ್ಲಿದೆ ಎಂಬುದನ್ನು ನಿಮ್ಮ ವೈದ್ಯರು ಚಿಕ್ಕಪ್ಪನಿಗೆ ಹೇಳಿದರು, ಚಿಕ್ಕಮ್ಮನಿಗೆ ಹೇಳಲಿಲ್ಲ. ನನ್ನ ದೂರು ಇಷ್ಟೇ. ಇಷ್ಟರಿಂದಲೇ ಅವಳು ಸಾಯುತ್ತಿದ್ದಾಳೆ.

ನಿಮ್ಮಲ್ಲೊಂದು ಪದ್ಧತಿಯಿದೆ. ವರದಿ ಬಂದ ದಿನ ರೋಗಿಯನ್ನು ತೂಕ ನೋಡುವ ನೆಪದಲ್ಲಿ ಪಕ್ಕದ ಕೋಣೆಗೆ ಕಳಿಸುತ್ತೀರಿ. ಮನೆಯ ಗಂಡಸನ್ನು ಬಾಗಿಲಾಚೆ ಕರೆದು ದನಿ ತಗ್ಗಿಸುತ್ತೀರಿ. ಹೆಂಗಸಿನ ಮನಸ್ಸು ಮೃದುವಂತೆ, ತಡೆಯಲಾರದಂತೆ. ಚಿಕ್ಕಮ್ಮ ಹೊಲಿಗೆ ಅಂಗಡಿ ನಡೆಸಿ ಅದೇ ಗಂಡಸನ್ನು ಸಾಕುವಾಗ ಆ ಮನಸ್ಸು ಎಲ್ಲಿತ್ತು? ಬೀದಿಯ ಹೆಂಗಸರೆಲ್ಲರ ಎದೆಯ ಅಳತೆ ಬಲ್ಲವಳಿಗೆ ತನ್ನ ಎದೆಯ ಗಂಟಿನ ಅಳತೆ ಮಾತ್ರ ಗುಟ್ಟು.

ಚಿಕ್ಕಪ್ಪ ಕೆಟ್ಟವನಲ್ಲ. "ಬರೀ ಗಂಟು, ಮಾತ್ರೆಗೆ ಕರಗುತ್ತೆ" ಎಂದು ಅವಳನ್ನು ನಂಬಿಸಿ ಮನೆಗೆ ಕರೆತಂದ. ತಿಂಗಳುಗಳ ನಂತರ, ಬೆನ್ನುನೋವಿಗೆ ಅವಳು ಹೊಲಿಗೆ ಯಂತ್ರ ತುಳಿಯಲಾರದಾದಾಗ, ನಾನು ಬಿಡದೆ ಕೇಳಿದ್ದಕ್ಕೆ ಬಾಯಿಬಿಟ್ಟ.

"ಮೂರನೇ ಹಂತ ಅಂದ್ರು ಕಣೇ. ನಾಲ್ಕರಲ್ಲಿ ಮೂರು ಮುಗಿದೇಹೋಯ್ತಲ್ಲ. ಇನ್ನು ಕುಯ್ಸಿ, ಕೂದಲು ಉದುರ್ಸಿ ಯಾಕೆ ಗೋಳು ಹುಯ್ಕೊಳ್ಳೋದು ಅಂತ ಸುಮ್ನಾದೆ."

ಹಂತವೆಂದರೆ ಉಳಿದ ಆಯುಷ್ಯದ ಲೆಕ್ಕವಲ್ಲ ಎಂದು ಅವನಿಗೆ ಹೇಳಿದವರು ಯಾರು? ನಿಮ್ಮದೇ ಕರಪತ್ರದಲ್ಲಿದೆ, ನಿಮ್ಮ ವರಾಂಡದಲ್ಲಿ ನೀರಿನ ಕ್ಯಾನಿಗೆ ಒತ್ತುಕೊಟ್ಟಿದ್ದ ಕಟ್ಟಿನಿಂದ ಒಂದನ್ನು ಎಳೆದುಕೊಂಡು ಓದಿದೆ. ಗಂಟು ಎಷ್ಟು ದೊಡ್ಡದು, ಎಲ್ಲಿಯವರೆಗೆ ಹಬ್ಬಿದೆ ಎಂಬುದರ ಗುರುತು ಅದು. ಒಂದರಲ್ಲಿ ಗಂಟು ಚಿಕ್ಕದು. ಎರಡರಲ್ಲಿ ಬೆಳೆದಿರುತ್ತದೆ, ಇಲ್ಲವೇ ಕಂಕುಳಿನ ಕೆಲವು ಗ್ರಂಥಿಗಳನ್ನು ಮುಟ್ಟಿರುತ್ತದೆ. ಮೂರರಲ್ಲಿ ಹಲವು ಗ್ರಂಥಿಗಳಿಗೋ ಚರ್ಮಕ್ಕೋ ಹಬ್ಬಿದ್ದರೂ ದೂರದ ಅಂಗಗಳಿಗೆ ಹೋಗಿರುವುದಿಲ್ಲ. ಗುಣಪಡಿಸಬೇಕೆಂದೇ ಔಷಧಿ, ಶಸ್ತ್ರಚಿಕಿತ್ಸೆ, ವಿಕಿರಣ ಕೊಡುತ್ತಾರೆ. ನಾಲ್ಕರಲ್ಲಿ ಮೂಳೆ, ಶ್ವಾಸಕೋಶ, ಯಕೃತ್ತು. ಆಗ ಹತೋಟಿಯಲ್ಲಿಡಬಹುದು, ಗುಣದ ಮಾತು ದೂರ.

ಬೆನ್ನುನೋವಿಗೆಂದು ತೆಗೆಸಿದ ಸ್ಕ್ಯಾನಿನ ಪ್ರಕಾರ ಈಗ ರೋಗ ಅವಳ ಬೆನ್ನುಮೂಳೆಗೆ ಇಳಿದಿದೆ. ನೀವು ಹೇಳದ್ದನ್ನು ನಾನೇ ಹೇಳಿದೆ. ಅವಳು ತಡೆಯಲಾರದೆ ಬೀಳಲಿಲ್ಲ. ಕತ್ತರಿ ಕೆಳಗಿಟ್ಟು ಕೇಳಿದಳು: "ಹೊಲಿಗೆ ಕೆಟ್ರೆ ಬಿಚ್ಚಿ ಮತ್ತೆ ಹೊಲಿಯೋಳು ನಾನು. ಆಗ್ಲೇ ಹೇಳಿದ್ರೆ ಕುಯ್ಸ್ಕೊಂಡು ಬರ್ತಿದ್ದೆ. ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?"

ಈ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆಯೇ?

ಸೋಮವಾರ ಅವಳನ್ನು ಕರೆತರುತ್ತೇನೆ. ಎದುರು ಕೂರಿಸಿಕೊಂಡು ರೋಗದ ಹಂತ, ಅದರ ಅರ್ಥ, ಇನ್ನೂ ಉಳಿದಿರುವ ದಾರಿ ಎಲ್ಲವನ್ನೂ ಅವಳಿಗೇ ಹೇಳಿ. ಅವಳ ನಂತರ ಬರುವ ಪ್ರತಿ ಹೆಂಗಸಿಗೂ ಹೀಗೆಯೇ ಹೇಳಿ. ಅಷ್ಟು ಹೊತ್ತು ಚಿಕ್ಕಪ್ಪ ಪಕ್ಕದ ಕೋಣೆಯಲ್ಲಿ ತೂಕ ನೋಡಿಸಿಕೊಳ್ಳುತ್ತಿರಲಿ.

ಇಂತಿ,
ನಿಮ್ಮ ಕರಪತ್ರವನ್ನು ತಡವಾಗಿ ಓದಿದವಳು