ನನ್ನ ಅರ್ಧ ಲೀಟರು

ಮಾರ್ಚ್ 3, ಬೆಳಿಗ್ಗೆ

ಎಂದಿನಂತೆ ಅಳತೆ ಪಾತ್ರೆ ತಿಕ್ಕಿದೆ. ಇಟ್ಟಿಗೆ ಪುಡಿ, ಒಳಗೂ ಹೊರಗೂ. ನಿವೃತ್ತಿಯ ದಿನ ಆಫೀಸಿನವರು ಕೊಟ್ಟ ಹಿತ್ತಾಳೆಯ ಅರ್ಧ ಲೀಟರು. ಹದಿನೆಂಟು ವರ್ಷದಲ್ಲಿ ಒಂದು ದಿನ ತಪ್ಪಿಸಿಲ್ಲ. "ನನ್ನನ್ನ ಒಂದಿನನಾದ್ರೂ ಹೀಗೆ ನೋಡ್ಕೊಂಡಿದ್ದೀಯಾ?" — ಯಜಮಾನರ ಹಳೇ ರಾಗ.

ನಮ್ಮ ತೂಕ-ಅಳತೆ ಆಫೀಸು ಪಬ್ ಆಗುತ್ತಿದೆ. ನೂರು ವರ್ಷದ ಕಟ್ಟಡ. ಊರಿನ ತಕ್ಕಡಿಗಳಿಗೆಲ್ಲ ಅಲ್ಲೇ ನನ್ನ ಮುದ್ರೆ ಬೀಳುತ್ತಿತ್ತು... ಪಬ್ಬಿನ ಮಾಲೀಕ ಮನೆಗೇ ಬಂದಿದ್ದ. "ಮೇಡಂ, ಬಿಯರ್ ಗ್ಲಾಸು ನೀವೇ ಚೆಕ್ ಮಾಡಿ ಕೊಡ್ಬೇಕು. ನೀವು ಪಾಸ್ ಮಾಡಿದ್ದು ಅಂತ ಬೋರ್ಡ್ ಹಾಕ್ತೀನಿ."

ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ.

ಮಾರ್ಚ್ 5

ನನ್ನ ಮೇಜಿದ್ದ ಜಾಗದಲ್ಲಿ ಬಾರ್ ಕೌಂಟರ್. ಪಾತ್ರೆ ತುಂಬ ನೀರು ಹಿಡಿದು ಗ್ಲಾಸಿಗೆ ಸುರಿದೆ. ಗ್ಲಾಸಿನ ಅರ್ಧ ಲೀಟರಿನ ಗೆರೆ ದಾಟಿ ನಿಂತಿತು. ಅಂದರೆ ಗೆರೆವರೆಗೆ ತುಂಬಿಸಿದರೆ ಗಿರಾಕಿಗೆ ಅರ್ಧ ಲೀಟರು ಸಿಗುವುದಿಲ್ಲ. ತಂದಿದ್ದ ನಾನೂರು ಗ್ಲಾಸೂ ಫೇಲ್!

"ನಮ್ದು ಸರಿ ಇದೆ ಅಮ್ಮ," ಗ್ಲಾಸು ಸಪ್ಲೈ ಮಾಡಿದ ಕಂಪನಿಯವನು ಕೈಮುಗಿದ. ಕಳ್ಳ ಎಂದೆ, ಮುಖದ ಮೇಲೇ. ಆರ್ಡರ್ ಕ್ಯಾನ್ಸಲ್. ಓಪನಿಂಗ್ ಮುಂದಕ್ಕೆ. ಇಂಥ ಖುಷಿ ಕಂಡು ಎಷ್ಟು ದಿನವಾಗಿತ್ತು!

ಮಾರ್ಚ್ 12

ಎರಡನೇ ಕಂಪನಿಯ ಗ್ಲಾಸೂ ಫೇಲ್. ಅಷ್ಟೇ ವ್ಯತ್ಯಾಸ. ಇಬ್ಬರು ಕಳ್ಳರು ಒಂದೇ ಅಳತೆಗೆ ಕದಿಯುವುದುಂಟೇ? ಪಾತ್ರೆ ಹಿಡಿದು ಹೊಸ ಆಫೀಸಿಗೆ ಹೋದೆ. ನಾನೇ ಕೆಲಸ ಕಲಿಸಿದವಳು ಈಗ ಅಲ್ಲಿ ಇನ್ಸ್‌ಪೆಕ್ಟರ್. ಮೂರು ಸಲ ಅಳೆದಳು. ತಲೆ ಎತ್ತಲಿಲ್ಲ.

"ಮೇಡಂ... ಐದು ಎಂ.ಎಲ್. ಜಾಸ್ತಿ ಹಿಡಿಸ್ತಿದೆ. ಒಳಗೆ ಸವೆದಿದೆ."

ತಿಕ್ಕಿದವಳು ನಾನೇ. ಅಳತೆ ಪಾತ್ರೆ ತೊಳಿ, ತಿಕ್ಕಬೇಡ ಎಂದು ಮೊದಲ ದಿನವೇ ಅವಳಿಗೆ ಹೇಳಿಕೊಟ್ಟವಳೂ ನಾನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ನಾಚಿಕೆಯಿಂದ ಊಟ ಸೇರಲಿಲ್ಲ.

ಮಾರ್ಚ್ 14, ಪಬ್ಬಿನಲ್ಲೇ

ಮೊದಲ ಗ್ಲಾಸಿನವನನ್ನು ಕರೆಸಿ, ಮಾಲೀಕನ ಎದುರೇ ಹೇಳಿದೆ. "ನಿಮ್ಮ ಗ್ಲಾಸು ಸರಿ. ನನ್ನ ಪಾತ್ರೆ ತಪ್ಪು. ನಿಮ್ಮನ್ನ ಕಳ್ಳ ಅಂದೆ, ತಪ್ಪಾಯ್ತು."

"ಬಿಡಿ ಮೇಡಂ, ಯಾರಿಗೂ ಗೊತ್ತಾಗಲ್ಲ. ಪಾತ್ರೆ ಶೋಕೇಸಲ್ಲಿ ಇಡೋಣ," ಎಂದ ಮಾಲೀಕ. ಇಡು ಎಂದೆ. ಆದರೆ ಫೇಲಾದ ಅಳತೆಗೆ ಅಡ್ಡಗೆರೆ ಹೊಡೆಯದೆ ನಾನು ಎಂದೂ ಬಿಟ್ಟವಳಲ್ಲ. ಉಳಿ ತರಿಸಿದೆ. ನಾನೇ ಹೊಡೆದೆ. ಗೆರೆ ನೆಟ್ಟಗೆ ಬಿತ್ತು.

ಹೊರಡಲು ಎದ್ದೆ. ಗ್ಲಾಸಿನವನು ಕುರ್ಚಿ ಎಳೆದು ಅಡ್ಡ ಇಟ್ಟ. "ಎಲ್ಲಿಗಮ್ಮ? ನಮ್ ಮಾಲು ವಾಪಸ್ ತರಿಸಿದ್ದೀನಿ. ಅದನ್ನ ನೀವೇ ಪಾಸ್ ಮಾಡ್ಬೇಕು. ಬೇರೆಯವರು ಮಾಡಿದ್ರೆ ನಾನು ಒಪ್ಪಲ್ಲ."

ಹೊಸ ಆಫೀಸಿನಿಂದ ಎರವಲು ತಂದ ಪಾತ್ರೆ. ಇನ್ನೂರ ಹನ್ನೆರಡು ಪಾಸ್. ಇನ್ನೂರ ಹದಿಮೂರನೆಯದಕ್ಕೆ ನೀರು ಸುರಿಯಬೇಕು, ಪೆನ್ನು ಕೆಳಗಿಡುತ್ತೇನೆ.